ಅಜ್ಜಿಯ ಗದ್ದದ ಮೂರು ಚುಕ್ಕೆ

ಮಗಳು ನನ್ನ ಫೋಟೋವನ್ನು ಮೊಬೈಲಿನಲ್ಲೇ ಬಣ್ಣದಲ್ಲಿ ಬರೆದ ಚಿತ್ರದಂತೆ ಮಾಡಿ ತೋರಿಸಿದಳು. ಕೆನ್ನೆಯ ಮೇಲಿನ ಗಾಯದ ಗುರುತು ಮಾಯವಾಗಿತ್ತು. ಮೈ ಉರಿಯಿತು.

ನನ್ನ ಚಿಕ್ಕಂದಿನಲ್ಲಿ ಅಜ್ಜಿ ತೀರಿಕೊಂಡಾಗ ಅವಳದು ಇದ್ದದ್ದು ಒಂದೇ ಫೋಟೋ. ಸಿಂದಗಿಯ ಸ್ಟುಡಿಯೋದವನು ಹೊಸ ಕಂಪ್ಯೂಟರಿನಲ್ಲಿ ಅದನ್ನು ಕುಂಚದಿಂದ ಬರೆದ ಹಾಗೆ ಮಾಡಿ, ಕೊರಳಿಗೆ ಬಂಗಾರದ ಸರವನ್ನೂ ಹಾಕಿ ಕೊಟ್ಟ. ಗದ್ದದ ಮೇಲಿನ ಹಚ್ಚೆಯ ಮೂರು ಚುಕ್ಕೆಗಳೇ ಇರಲಿಲ್ಲ.

“ಫೋಟೋಕ್ಕ ಕಲೆ ಬಿದ್ದೈತಿ ಅಂತ ಅಳಿಸೇನ್ರಿ,” ಎಂದ.

ಅಪ್ಪ ಹಿಗ್ಗಿ ಗೋಡೆಗೆ ತೂಗುಹಾಕಿದ. ಅಜ್ಜ ಬಹಳ ಹೊತ್ತು ನೋಡಿ ಕೇಳಿದ, “ಯಾರಕಿ ಈಕಿ?”

ನಾನು ಸಿಟ್ಟಿನಿಂದ ಸ್ಟೂಲು ಹತ್ತಿ, ಹಸಿರು ಸ್ಕೆಚ್‌ಪೆನ್ನಿನಿಂದ ಗಾಜಿನ ಮೇಲೆ ಮೂರು ಚುಕ್ಕೆ ಇಟ್ಟೆ. ಅಪ್ಪ ನನ್ನ ಬೆನ್ನಿಗೆ ಗುದ್ದಿ, ಒರೆಸಲು ಬಟ್ಟೆ ತಂದ.

“ಈಗ ಆಕಿ ಬಂದಾಳ. ಮುಟ್ಟಿದಿ ಅಂದ್ರ ಕೈ ಮುರೀತೇನಿ,” ಎಂದ ಅಜ್ಜ.

ಮಗಳಿಗೆ ಮೊಬೈಲು ಮರಳಿಸಿ ಹೇಳಿದೆ, “ನನ್ನ ಗಾಯ ಎಲ್ಲಿತ್ತೋ ಅಲ್ಲೇ ಇಡು.”