ಗಾಜಿನ ಆಚೆಯ ಅಜ್ಜಿ

ನಮ್ಮ ಕಡೆ ಹೆಂಗಸೊಬ್ಬಳು ಸ್ಕ್ಯಾನಿಂಗ್ ಎಂಬ ಶಬ್ದ ಎತ್ತಿದರೆ "ಎಷ್ಟು ತಿಂಗಳು?" ಎಂದು ಕೇಳುವವರೇ ಹೆಚ್ಚು. ನನ್ನ ಅಕ್ಕನ ಹತ್ತಿರ ಮಾತ್ರ ಯಾರೂ ಹಾಗೆ ಕೇಳುವುದಿಲ್ಲ. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ, ಮದುವೆಯ ಗೋಜಿಗೇ ಹೋಗದ ಅವಳ ಮನೆಯಲ್ಲಿ ಬೇರೆಯೇ ಜಾತಿಯ ಸ್ಕ್ಯಾನರ್‌ಗಳಿವೆ. ಕಾಗದ ನುಂಗಿ ಹೊರಹಾಕುವಂಥದ್ದು, ಹಾಳೆಯ ಮೇಲೆ ಕೈಯಿಂದ ಎಳೆಯುವಂಥದ್ದು, ಕಿಟಕಿಯ ಬಳಿ ಸದಾ ಗೊರಗುಟ್ಟುವ ರೇಡಿಯೋ ಸ್ಕ್ಯಾನರ್. ಈ ಕೊನೆಯದು ಒಂದು ತರಂಗದಿಂದ ಇನ್ನೊಂದಕ್ಕೆ ತಾನೇ ಹಾರುತ್ತ, ಎಲ್ಲಿ ಮನುಷ್ಯರ ದನಿ ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ. ಹವ್ಯಾಸಿ ರೇಡಿಯೋದವರು ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಮಳೆಯ ಸುದ್ದಿ ಕೇಳುವುದನ್ನು ಅಕ್ಕ ಕಣ್ಣು ಮುಚ್ಚಿ ಆಲಿಸುತ್ತಾಳೆ.

"ಫೋನ್ ಮಾಡಿ ಕೇಳಿದ್ರೆ ಆಗುದಿಲ್ವಾ?" ಎಂದು ನಾನು ಕೆಣಕುತ್ತೇನೆ.

"ಫೋನಿನಲ್ಲಿ ಗುರ್ತದವರು ಮಾತ್ರ ಸಿಗ್ತಾರೆ ಮಾರಾಯ್ತಿ" ಎನ್ನುತ್ತಾಳೆ.

ಅಮ್ಮ ಇರುವುದು ಮಡಂತ್ಯಾರಿನಲ್ಲಿ, ನನ್ನ ಜೊತೆ. ಅವಳಿಗೆ ಮಾತು ಬರುವ ಮೊದಲೇ ಅವಳ ತಾಯಿ ತೀರಿಹೋಗಿದ್ದಳು. ಉಳಿದದ್ದು ಚೌಕಟ್ಟು ಹಾಕಿದ ಒಂದೇ ಫೋಟೋ. ವರ್ಷಗಳ ಥಂಡಿಗೆ ಅದು ಗಾಜಿಗೆ ಅಂಟಿಕೊಂಡು, ಬಿಳಿ ಬೂಷ್ಟು ಅಂಚಿನಿಂದ ಹಬ್ಬುತ್ತ ಈ ಮಳೆಗಾಲ ಕೆನ್ನೆಯವರೆಗೆ ಬಂದಿತ್ತು. ತಾಯಿಯ ಮುಖವೆಂದು ಅಮ್ಮನಿಗೆ ಗೊತ್ತಿರುವುದು ಅದೊಂದೇ. "ಕಣ್ಣಿಗೆ ಬರುವ ಮೊದ್ಲು ಏನಾದ್ರೂ ಮಾಡು" ಎಂದು ನನ್ನ ಬೆನ್ನು ಹತ್ತಿದಳು.

ಪೇಟೆಯ ಸ್ಟುಡಿಯೋಗೆ ಒಯ್ದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿದರೆ ಅಜ್ಜಿ ಮಂಜಿನಲ್ಲಿ ನಿಂತ ಹಾಗೆ ಕಂಡಳು. ಮೊಬೈಲಿನಲ್ಲಿ ತೆಗೆದರೆ ಅವಳ ಹಣೆಯ ಮೇಲೆ ಟ್ಯೂಬ್‌ಲೈಟು ಹೊಳೆಯಿತು. "ಮೇಡಂ, ಬಿಡಿಸಿದ್ರೆ ಮಾತ್ರ ಆಗ್ತದೆ" ಎನ್ನುತ್ತಲೇ ಸ್ಟುಡಿಯೋದವನು ಚೌಕಟ್ಟಿನ ಹಿಂಬದಿ ತೆರೆದು ಫೋಟೋದ ಮೂಲೆಗೆ ಉಗುರು ಹಾಕಿದ. ಸೆರಗಿನ ತುದಿ ಕಿತ್ತು ಗಾಜಿನಲ್ಲೇ ಉಳಿಯಿತು. ನನಗೆ ಪಿತ್ತ ನೆತ್ತಿಗೇರಿತು. ಅವನ ಕೈಯಿಂದ ಫೋಟೋ ಕಿತ್ತುಕೊಂಡು, ಅಮ್ಮನನ್ನೂ ಕರೆದುಕೊಂಡು ಸೀದಾ ಮೂಡುಬಿದಿರೆಗೆ ಹೊರಟೆ.

ಅಕ್ಕ ಫೋಟೋವನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿದಳು. "ಬಿಡಿಸುದು ಬೇಡ. ಈಗಿನ ತೆಳು ಸ್ಕ್ಯಾನರಿಗೆ ತನ್ನ ಗಾಜಿಗೆ ತಾಗಿದ್ದು ಮಾತ್ರ ಸರಿ ಕಾಣ್ತದೆ. ನನ್ನ ಹಳೇದರಲ್ಲಿ ಕನ್ನಡಿ, ಲೆನ್ಸ್ ಎಲ್ಲ ಉಂಟು. ಅದಕ್ಕೆ ಸ್ವಲ್ಪ ಆಚೆಯದ್ದೂ ಕಾಣ್ತದೆ."

ಹಳೆಯದೆಂದರೆ ಅಟ್ಟದ ಮೇಲಿನ, ಕಲ್ಲುಚಪ್ಪಡಿಯಷ್ಟು ಭಾರದ ಆ ಸ್ಕ್ಯಾನರ್! ಗುಜರಿಗೆ ಹಾಕು ಎಂದು ನಾನು ಎಷ್ಟು ಸಲ ಹೇಳಿದ್ದೆನೋ. ಅದನ್ನೂ, ಅದಕ್ಕೆ ಜೋಡಿಯಾದ ಮುದಿ ಕಂಪ್ಯೂಟರನ್ನೂ ನಾವಿಬ್ಬರೂ ಏದುಸಿರು ಬಿಡುತ್ತ ಇಳಿಸಿದೆವು. ಅಕ್ಕ ಚೌಕಟ್ಟು ಕಳಚಿದಳು. ಗಾಜು ಒರೆಸಿ, ಫೋಟೋವನ್ನು ಅದರೊಂದಿಗೇ ಸ್ಕ್ಯಾನರಿನ ಮೇಲೆ ಮಗುಚಿ ಮಲಗಿಸಿದಳು. ಆಮೇಲೆ ರೇಡಿಯೋದ ದನಿ ಆರಿಸಿದಳು. ನಾನು ಕಂಡಂತೆ ಅದೇ ಮೊದಲು. ಬಿಳಿ ಬೆಳಕೊಂದು ಗಾಜಿನಡಿ ಆಮೆಯ ಹಾಗೆ ತೆವಳತೊಡಗಿತು. ಎಲ್ಲರೂ ಎಸೆದದ್ದನ್ನು ಎಣ್ಣೆ ಬಿಟ್ಟು, ಒರೆಸಿ, ಕಾಪಾಡಿಕೊಂಡು ಬಂದ ನನ್ನ ಅಕ್ಕನ ಬಗ್ಗೆ ಆ ಗಳಿಗೆಯಲ್ಲಿ ನನಗೆ ಬಂದ ಹೆಮ್ಮೆ ಅಷ್ಟಿಷ್ಟಲ್ಲ. ಅವಳಿಗೆ ಹೇಳಲಿಲ್ಲ, ಹೇಳಿದರೆ ಇನ್ನೂ ಎರಡು ತಂದಿಡುತ್ತಾಳೆ.

ಪರದೆಯಲ್ಲಿ ಅಜ್ಜಿ ಸ್ಪಷ್ಟವಾಗಿ ಬಂದಳು. ಬೂಷ್ಟು ಅಲ್ಲೇ ಇತ್ತು, ಆದರೆ ಕಣ್ಣು, ಮೂಗುತಿ, ಬಿಗಿ ಹಿಡಿದ ತುಟಿ ಎಲ್ಲ ಕಂಡವು. ಅಕ್ಕ ಮುಖವನ್ನು ದೊಡ್ಡದು ಮಾಡಿದಳು. ಗೋಡೆಯ ಮೇಲೆ ಇದ್ದಷ್ಟು ಕಾಲ ಅಜ್ಜಿ ನಮಗೆಲ್ಲ ಹಿರಿಯಳು, ಕೈಮುಗಿಯಬೇಕಾದವಳು. ಈಗ ಹಣೆಯ ಮೇಲೆ ಎರಡು ಮೊಡವೆಗಳು ಕಂಡವು.

ಎಂಬತ್ತು ದಾಟಿದ ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಆಮೇಲೆ ಕೈ ಚಾಚಿ ಆ ಕೆನ್ನೆಯನ್ನು ಸವರಿದಳು.

"ಪಾಪ, ಎಷ್ಟು ಸಣ್ಣ ಹುಡುಗಿ" ಎಂದಳು. "ಇವಳು ನನ್ನನ್ನು ಹೇಗೆ ಹೆತ್ತಳೋ."

ಪರದೆಗೆ ಬೆರಳು ತಾಗಿಸಿದರೆ ಯಾರನ್ನೂ ಬಿಡದೆ ಗದರುವ ಅಕ್ಕ ಅಂದು ಪರದೆಯನ್ನು ಅಮ್ಮನ ಕಡೆಗೆ ಇನ್ನಷ್ಟು ತಿರುಗಿಸಿದಳು.