ಕಿವಿಯ ಯಂತ್ರ ಕೆಟ್ಟ ದಿನಗಳು

ನನ್ನ ಗಂಡನಿಗೆ ಕಿವಿ ಮಂದವಾಗತೊಡಗಿದ್ದು ನಾವು ವಡೋದರಾ ಹತ್ತಿರ ಕೊಯಾಲಿಯ ರಿಫೈನರಿ ಟೌನ್‌ಶಿಪ್‌ನಲ್ಲಿದ್ದಾಗಲೇ. ಅವರ ತಂದೆಗೂ ಹಾಗೇ ಆಗಿತ್ತಂತೆ, ಮನೆತನದ ಬಳುವಳಿ. ನಿವೃತ್ತರಾಗಿ ವಡೋದರಾದ ಗೋರ್ವಾ ಬಡಾವಣೆಯ ಫ್ಲ್ಯಾಟಿಗೆ ಬರುವ ಹೊತ್ತಿಗೆ ಎದುರು ಕೂತು ಕೂಗಿದರೂ ಅರ್ಧವೇ ಕೇಳುತ್ತಿತ್ತು. ಕೊನೆಗೆ ಎರಡೂ ಕಿವಿಗೆ ಯಂತ್ರ ಹಾಕಿಸಿದೆವು. ಹಾಕಿಕೊಂಡ ದಿನ ಕುಕ್ಕರ್ ಸೀಟಿ ಹೊಡೆದದ್ದಕ್ಕೆ ಬೆಚ್ಚಿಬಿದ್ದು, ಆಮೇಲೆ ತಾವೇ ನಕ್ಕರು. ಸಂಜೆ ಗದಗಿನಲ್ಲಿದ್ದ ತಮ್ಮ ಅಕ್ಕನಿಗೆ ಫೋನ್ ಮಾಡಿ ಬಾಲ್ಕನಿಯಲ್ಲಿ ಕೂತು ಮಾತಾಡಿದ್ದೇ ಮಾತಾಡಿದ್ದು.

ಅಕ್ಕ ಅವರಿಗಿಂತ ಬಹಳ ದೊಡ್ಡವರು. ತಾಯಿ ತೀರಿಕೊಂಡಾಗ ಇವರಿನ್ನೂ ಅಂಬೆಗಾಲಿಡುತ್ತಿದ್ದ ಕೂಸು. ಶಾಲೆ ಬಿಟ್ಟು, ಸೊಂಟದ ಮೇಲೆ ಹೊತ್ತು, ಇವರನ್ನು ಬೆಳೆಸಿದವರು ಅಕ್ಕನೇ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅತ್ತೆಯಿಲ್ಲ ಎಂದು ಯಾರೋ ಅಂದದ್ದಕ್ಕೆ ಇವರು, "ಯಾಕ, ಅಕ್ಕ ಅದಾಳಲ್ಲ" ಎಂದಿದ್ದರು.

ಹೋದ ಬೇಸಿಗೆಯಲ್ಲಿ ಆ ಅಕ್ಕ ಹಾಸಿಗೆ ಹಿಡಿದರು. ಅದೇ ವಾರ ಇಲ್ಲಿ ಕಿವಿಯ ಯಂತ್ರಗಳನ್ನು ಚಾರ್ಜ್ ಮಾಡುವ ಪುಟ್ಟ ಡಬ್ಬಿ ಕೆಟ್ಟಿತು. ಡಬ್ಬಿ ಕೆಟ್ಟರೆ ಎರಡೂ ಯಂತ್ರ ಕೆಟ್ಟಂತೆಯೇ. ಕೊಂಡ ಅಂಗಡಿಗೆ ಆಟೊ ಮಾಡಿಕೊಂಡು ಹೋದರೆ ಅಲ್ಲಿ ಅಂಗಡಿಯೇ ಇರಲಿಲ್ಲ. ಎಳೆದ ಶಟರಿನ ಮೇಲೆ ಕಂಪನಿಯ ಸಹಾಯವಾಣಿಯ ನಂಬರ್ ಅಂಟಿಸಿದ್ದರು.

ಊರಿಗೆ ಈಗಲೇ ಹೊರಡೋಣ ಎಂದೆ. ಇವರು ಬೇಡವೆಂದು ಕೈಯಾಡಿಸಿಬಿಟ್ಟರು. "ಹೋಗಿ ಮೂಕರಂಗ ಕುಂದ್ರೂದೇನು? ಆಕಿ ಏನರ ಅಂದ್ರ ನನಗ ಕೇಳಬೇಕು. ಡಬ್ಬಿ ರಿಪೇರಿ ಆಗ್ಲಿ, ಹೋಗೂಣು."

ಅಂದಿನಿಂದ ನನ್ನ ಬೆಳಗೆಲ್ಲ ಆ ನಂಬರಿಗೇ ಮೀಸಲಾಯಿತು. ಮೊದಲು ಒಬ್ಬ ಹೆಣ್ಣಿನ ದನಿ, ಬಹಳ ಮೃದು. ಗುಜರಾತಿಗೆ ಒಂದು ಒತ್ತಿ, "ಹಿಂದೀ ಕೇ ಲಿಯೇ ದೋ ದಬಾಯೇಂ." ಎರಡು ಒತ್ತುತ್ತಿದ್ದೆ. ಹೊಸದಾಗಿ ಕೊಳ್ಳಲು ಒಂದು, ನಮ್ಮ ಶಾಖೆಗಳ ವಿವರಕ್ಕೆ ಎರಡು, ದೂರಿಗೆ ಎಲ್ಲಕ್ಕಿಂತ ಕೊನೆಯ ಅಂಕಿ. ಆಮೇಲೆ ಡಬ್ಬಿಯ ತಳದಲ್ಲಿರುವ ಸಂಖ್ಯೆ ಒತ್ತಬೇಕು. ಅದು ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿತ್ತು. ಕಿಟಕಿಯ ಬೆಳಕಿಗೆ ಹಿಡಿದು ಓದುವಷ್ಟರಲ್ಲಿ ಆ ಹೆಣ್ಣಿನ ತಾಳ್ಮೆ ಮುಗಿದು, ಮತ್ತೆ ಮೊದಲಿನಿಂದ ಗುಜರಾತಿಗೆ ಒಂದು, ಹಿಂದಿಗೆ ಎರಡು. ಸಂಖ್ಯೆ ಸರಿಯಾಗಿ ಒತ್ತಿದ ದಿನ ಸಂಗೀತ ಹಾಕಿದರು. ನಿಮ್ಮ ಕರೆ ನಮಗೆ ಅಮೂಲ್ಯ ಎಂದರು. ಒಲೆಯ ಮೇಲೆ ಅನ್ನ ತಳ ಹಿಡಿಯಿತು, ಸಂಗೀತ ಮುಗಿಯಲಿಲ್ಲ. ಕೊನೆಗೆ ಫೋನ್ ತಾನಾಗಿಯೇ ಕಟ್ಟಾಯಿತು. ನಾನು ಸುಟ್ಟ ಪಾತ್ರೆಯ ಮುಂದೆ ನಿಂತು ಅತ್ತೆ. ಇವರು ಒಳಗೆ ಬಂದು ಪಾತ್ರೆ ನೋಡಿದರು, ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಕೇಳಿದರೆ ನಾನು ಉತ್ತರ ಕೂಗಬೇಕಾಗುತ್ತದೆಂದು ಅವರಿಗೆ ಗೊತ್ತಿತ್ತು.

ಒಮ್ಮೆ ಮಾತ್ರ ನಿಜವಾದ ಮನುಷ್ಯರು ಸಿಕ್ಕರು. ಎಳೆಯ ದನಿಯ ಹುಡುಗಿ. ಎಲ್ಲ ಕೇಳಿಸಿಕೊಂಡು, "ಮೇಡಂ, ಯಂತ್ರ ಸರ್ ಹೆಸರಿನಲ್ಲಿದೆ. ಅವರೇ ಮಾತಾಡಿ ಖಾತ್ರಿ ಮಾಡಬೇಕು, ಅವರಿಗೆ ಕೊಡಿ" ಎಂದು ಹಿಂದಿಯಲ್ಲಿ ಹೇಳಿದಳು.

"ಅವರಿಗೆ ಕಿವಿ ಕೇಳಿಸೋದಿಲ್ಲಮ್ಮ, ಅದಕ್ಕೇ ತಾನೇ ನಾನು ಫೋನ್ ಮಾಡಿದ್ದು?" ಎಂದು ನಾನೂ ಹಿಂದಿಯಲ್ಲೇ ಅಂದೆ.

"ಗೊತ್ತಾಯಿತು ಮೇಡಂ. ಆದರೆ ಸರ್ ಮಾತಾಡದೆ ಸಿಸ್ಟಮ್ ಮುಂದೆ ಹೋಗೋದಿಲ್ಲ."

ಫೋನನ್ನು ಇವರ ಕೈಗೆ ಕೊಟ್ಟೆ. ಹುಟ್ಟಿದ ತಾರೀಖು ಕೇಳುತ್ತಾರೆ, ಹೇಳಿರಿ ಎಂದು ಸನ್ನೆ ಮಾಡಿದೆ. ಇವರಿಗೆ ತಿಳಿಯಲಿಲ್ಲ. ಸೆಟೆದು ಕೂತು, ಆಫೀಸಿನಲ್ಲಿ ಸಾಹೇಬರ ಜೊತೆ ಮಾತಾಡುವಂತೆ, "ಹಾಂ ಜೀ, ಹಾಂ ಜೀ" ಎನ್ನುತ್ತಾ ಹೋದರು. ನಾನು ಫೋನ್ ಕಸಿದುಕೊಳ್ಳುವಷ್ಟರಲ್ಲಿ ಆ ಹುಡುಗಿ ಫೋನ್ ಇಟ್ಟುಬಿಟ್ಟಿದ್ದಳು.

"ಏನಂದ್ಲು?" ಎಂದರು ಇವರು, ಆಸೆಯಿಂದ.

"ಮಾಡಿ ಕೊಡ್ತಾರಂತ್ರಿ," ಎಂದು ಕೂಗಿದೆ. ಬೇರೆ ಏನು ಕೂಗಲಿ?

ಒಂದು ಮಧ್ಯಾಹ್ನ ಅಕ್ಕನ ಮಗಳು ವಿಡಿಯೋ ಕಾಲ್ ಮಾಡಿದಳು. "ಅತ್ತಿ, ಅವ್ವ ಬೆಳಗಿನಿಂದ ತಮ್ಮ ತಮ್ಮ ಅನ್ನಾಕತ್ತಾಳ. ಮಾಮಾನ್ನ ಕರೀರಿ."

ಅಕ್ಕನ ಮುಖ ಕುಗ್ಗಿ ಅಂಗೈಯಷ್ಟಾಗಿತ್ತು. ಹಲ್ಲಿನ ಸೆಟ್ಟು ತೆಗೆದಿದ್ದರಿಂದ ತುಟಿ ನೋಡಿ ಮಾತು ತಿಳಿಯುವುದು ಇವರಿಂದ ಆಗಲಿಲ್ಲ. ನಾನು ನಡುವೆ ಕೂತೆ. ಅಕ್ಕ ಹೇಳಿದ್ದನ್ನು ಇವರ ಕಿವಿಗೆ ಬಾಯಿಟ್ಟು ಕೂಗಿದೆ.

"ಉಂಡಿಯೇನಂತ ಕೇಳಾಕತ್ತಾರ!"

"ಉಂಡೆ ಅಕ್ಕಾ, ಉಂಡೆ. ನೀ ಉಂಡಿ?"

"ಸೊರಗೀದಿ ಅಂತಾರ!"

"ಇಲ್ಲಬೇ, ಹಂಗ ಕಾಣ್ತೀನಿ. ಬರ್ತೀನಿ ನಾ, ಇನ್ನ ಸ್ವಲ್ಪ ದಿನಕ್ಕ ಬರ್ತೀನಿ."

ಆಮೇಲೆ ಅಕ್ಕ ಕಣ್ಣು ಮುಚ್ಚಿದರು. ಮಲಗಿದರೇನೋ ಅಂದುಕೊಂಡೆ. ಆದರೆ ತುಟಿ ಅಲುಗುತ್ತಿತ್ತು. ಫೋನನ್ನು ಹತ್ತಿರ ಹಿಡಿದೆ. ಅಕ್ಕ ಹಾಡುತ್ತಿದ್ದರು. ಸಣ್ಣ ಮಕ್ಕಳನ್ನು ಮಲಗಿಸುವಾಗ ಬಾಯಿಗೆ ಬಂದದ್ದನ್ನೆಲ್ಲ ಸೇರಿಸಿ ಹೇಳುತ್ತಾರಲ್ಲ, ಅಂಥದ್ದು. ಮಾತು ಒಂದೂ ಸ್ಪಷ್ಟವಿರಲಿಲ್ಲ, ಏರಿ ಇಳಿಯುವ ಒಂದು ಎಳೆ ಮಾತ್ರ ಇತ್ತು.

"ಏನಂತಾಳ?" ಎಂದರು ಇವರು.

"ಹಾಡಾಕತ್ತಾರ್ರಿ!"

ಅವರ ಮುಖ ಒಮ್ಮೆಲೇ ಬದಲಾಯಿತು. ನನ್ನ ರಟ್ಟೆ ಹಿಡಿದುಕೊಂಡರು. "ಯಾವ ಹಾಡು? ಹೇಳು, ಯಾವ ಹಾಡು?"

ಮಾತನ್ನು ಕೂಗಬಹುದು, ಆ ರಾಗವನ್ನು ಹೇಗೆ ಕೂಗುವುದು? ಇವರು ಫೋನನ್ನೇ ಕಿತ್ತುಕೊಂಡು ಕಿವಿಗೆ ಒತ್ತಿ ಹಿಡಿದರು. ಅಕ್ಕನ ಮುಖ ಅವರ ಕೆನ್ನೆಯ ಕೆಳಗೆ ಮರೆಯಾಯಿತು. ಹಾಗೇ ಬಹಳ ಹೊತ್ತು ಕೂತಿದ್ದರು. ಆ ಕಡೆ ಹಾಡು ನಿಂತದ್ದು ನನಗೆ ಗೊತ್ತಾಯಿತು, ಅವರಿಗೆ ಗೊತ್ತಾಗಲಿಲ್ಲ.

ಅಂದೇ ಹುಬ್ಬಳ್ಳಿ ಕಡೆಯ ರೈಲಿಗೆ ಟಿಕೆಟ್ ಮಾಡಿಸಿದೆವು. ನಾವು ಹೊರಡುವ ಮುಂಚೆಯೇ ಅಕ್ಕ ಹೋದ ಸುದ್ದಿ ಬಂತು. ಗದಗಿನ ಮನೆಯಲ್ಲಿ ಬಂದವರೆಲ್ಲ ಇವರ ಮುಂದೆ ಕೂತು ಅಕ್ಕನ ಗುಣಗಾನ ಮಾಡುತ್ತಿದ್ದರು. ಇವರು ಎಲ್ಲರಿಗೂ ತಲೆಯಾಡಿಸುತ್ತಿದ್ದರು, ಒಂದಕ್ಷರವೂ ಕೇಳದೆ. ಆ ಗದ್ದಲದ ನಡುವೆಯೇ ನನ್ನ ಫೋನ್ ರಿಂಗಾಯಿತು. ಅದೇ ಮೃದು ದನಿ. ನಮ್ಮ ಸೇವೆ ನಿಮಗೆ ತೃಪ್ತಿ ತಂದಿದ್ದರೆ ಒಂದು ಒತ್ತಿ. ಬೈಯಲು ಫೋನಿನ ಆ ತುದಿಯಲ್ಲಿ ಯಾರೂ ಇರಲಿಲ್ಲ. ಹಿತ್ತಲಿಗೆ ಹೋಗಿ ಫೋನ್ ಆಫ್ ಮಾಡಿ, ಕೈಕಾಲು ತೊಳೆದುಕೊಂಡು ಒಳಗೆ ಬಂದೆ.

ನಾವು ವಡೋದರಾಕ್ಕೆ ಮರಳಿದ ಮೇಲೆ ಹೊಸ ಡಬ್ಬಿ ಕೊರಿಯರಿನಲ್ಲಿ ಬಂತು. ಯಾವ ದೂರಿಗೆ, ಯಾರು ಕಳಿಸಿದರು, ತಿಳಿಯಲಿಲ್ಲ. ಇವರು ನಾಲ್ಕಾರು ದಿನ ಅದನ್ನು ಬಿಚ್ಚಲೂ ಇಲ್ಲ. ಒಂದು ಸಂಜೆ ತಾವಾಗಿಯೇ ಯಂತ್ರ ಹಾಕಿಕೊಂಡು ಅಕ್ಕನ ಮಗಳಿಗೆ ಫೋನ್ ಮಾಡಿದರು.

ಅವಳು "ಮಾಮಾ" ಎನ್ನುತ್ತಲೇ ಇವರು ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಇಕಿ ದನಿ ಅಕ್ಕನ ದನಿ ಇದ್ದಂಗ ಐತಿ. ನಿನಗ ಗೊತ್ತಿತ್ತೇನು?" ಎಂದರು.

ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

"ಏನ್ ಅಡಿಗಿ ಮಾಡಿದಿ ಇವತ್ತ?" ಎಂದು ಅವಳನ್ನು ಕೇಳಿದರು. ಅವಳು ಹೇಳತೊಡಗಿದಳು. ಇವರು ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡರು.