ಅಪ್ಪನ ಲಾರಿ ಆರುವ ಹೊತ್ತು

ಇವತ್ತು ಊಟದ ಬಿಡುವಿನಲ್ಲಿ, ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರೊಬ್ಬರ ಲ್ಯಾಪ್‌ಟಾಪ್ ಕಾದು, ಸುಟ್ಟ ಧೂಳಿನ ವಾಸನೆ ಸ್ಟಾಫ್ ರೂಮಿನ ತುಂಬ ಹರಡಿತು. "ನೀವು ಸೈನ್ಸ್ ಮೇಡಂ ಅಲ್ಲೇನ್ರಿ, ಇದ್ಯಾಕ ಹಿಂಗ ಕಾಯ್ತದ?" ಎಂದು ನನ್ನನ್ನೇ ಕೇಳಿದರು. ಯಾಕೆ ಕಾಯುತ್ತದೆ ಎನ್ನುವುದು ನನಗೆ ಗೊತ್ತು. ಕಾಯುವುದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಮಾತ್ರ ಹೋದ ವಾರದಿಂದ ಬಗೆಹರಿಯುತ್ತಿಲ್ಲ. ನೀವಾದರೂ ಕೇಳಿ, ತಿಳಿದರೆ ಹೇಳಿ.

ನನ್ನ ಅಪ್ಪ ಕೊಂಕಲ್ ಊರಿನಲ್ಲಿ ಜೀವಮಾನವೆಲ್ಲ ಮಂದಿಯ ಟ್ರ್ಯಾಕ್ಟರ್ ಓಡಿಸಿದವನು. ಇಂಜಿನ್ನಿನ ಸದ್ದು ಕೇಳಿಯೇ ಅದಕ್ಕೇನಾಗಿದೆ ಎಂದು ಹೇಳುತ್ತಿದ್ದ. ಎರಡು ವರ್ಷದ ಕೆಳಗೆ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಸೋತಿತು, ಮಾತು ತೊದಲಿತು. ಅವ್ವನನ್ನೂ ಅವನನ್ನೂ ಶಹಾಪುರದ ನನ್ನ ಬಾಡಿಗೆ ಮನೆಗೆ ಕರೆತಂದೆ. ಯಾದಗಿರಿಯ ಡಾಕ್ಟರು, "ಬೆರಳು ಆಡಸ್ತಾ ಇರಬೇಕ್ರಿ, ಸುಮ್ನ ಬಿಟ್ರ ಕೈ ಹೋದಂಗ" ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಹಿಸುಕಲು ರಬ್ಬರ್ ಚೆಂಡು ಕೊಟ್ಟರೆ ಅಪ್ಪ ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟ. ತೊದಲುವುದಕ್ಕೆ ನಾಚಿ ಮಾತನ್ನಂತೂ ಪೂರಾ ನಿಲ್ಲಿಸಿದ.

ಹೋದ ವರ್ಷದ ಬೇಸಿಗೆಯಲ್ಲಿ ನನಗೊಂದು ಉಪಾಯ ಹೊಳೆಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಘಾಟ್ ರಸ್ತೆಯ ಮೇಲೆ ಲಾರಿ ಓಡಿಸುವ ಆಟವೊಂದನ್ನು ಹಾಕಿಕೊಟ್ಟೆ. ಅಪ್ಪನ ಮುಖ ಅರಳಿತು. ಆಟದಲ್ಲಿ ಎಲ್ಲರೂ ಲಾರಿಯನ್ನು ಹಾರಿಸಿಕೊಂಡು ಹೋಗುತ್ತಾರಂತೆ. ನಮ್ಮಪ್ಪ ತಿರುವಿಗೆ ತಿರುವಿಗೆ ಹಾರ್ನ್ ಹೊಡೆಯುತ್ತಿದ್ದ, ಸಿಗ್ನಲ್ಲಿಗೆ ನಿಲ್ಲುತ್ತಿದ್ದ, ಹಿಂದಿನವನಿಗೆ ದಾರಿ ಬಿಡುತ್ತಿದ್ದ. ಹೀಗಾಗಿ ಒಂದು ಸಲವೂ ಗೆಲ್ಲಲಿಲ್ಲ. ಆದರೆ ಬೆರಳು ಆಡತೊಡಗಿದವು.

ಅಷ್ಟರಲ್ಲೇ ಶನಿ ವಕ್ಕರಿಸಿತು. ಹತ್ತು ನಿಮಿಷ ಆಡುವುದರೊಳಗೆ ಲ್ಯಾಪ್‌ಟಾಪ್ ಹಂಚಿನಂತೆ ಕಾದು ತಾನೇ ಬಂದ್ ಆಗುತ್ತಿತ್ತು. ಆರಿದ ಮೇಲೆ ಹಚ್ಚಿದರೆ ಮತ್ತೆ ಹತ್ತು ನಿಮಿಷ. ಒಂದು ಭಾನುವಾರ ನನ್ನ ಕಣ್ಣೆದುರೇ ಪರದೆ ಕಪ್ಪಾಯಿತು. ಅಪ್ಪ ತನ್ನ ಬಲಗೈಯನ್ನು ದಿಟ್ಟಿಸಿ ನೋಡಿ, ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ತನ್ನ ಬೆರಳೇ ಏನೋ ಕೆಡಿಸುತ್ತಿದೆ ಎಂದು ಅವನು ತಿಳಿದಿದ್ದ. ಚೆಂಡಿನಂತೆ ಇದನ್ನೂ ಬಿಟ್ಟುಬಿಟ್ಟರೆ ಅವನ ಕೈ ಹೋದಂತೆಯೇ ಎಂದು ನನಗೆ ಹೆದರಿಕೆಯಾಯಿತು.

ನಾನು ಮಾಡದ ಹಿಕಮತ್ತಿಲ್ಲ. ಆಟದ ಚಿತ್ರಗಳನ್ನು ಸಾದಾ ಮಾಡಿದೆ. ಚಾರ್ಜರ್ ತೆಗೆದು ಆಡಿಸಿದೆ. ಕೂಲರ್ ತಂದು ಎದುರಿಗಿಟ್ಟೆ. ಅಪ್ಪನಿಗೆ ನೆಗಡಿಯಾಯಿತು, ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ. ಸುರಪುರದ ಗೆಳತಿಯೊಬ್ಬಳು ಇದು ಕರೆಂಟಿನ ದೋಷ ಎಂದಳು, ಅದನ್ನೂ ನಂಬಿದೆ. ಕೊನೆಗೆ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಫ್ಯಾನಿನ ಧೂಳು ತೆಗೆದು, ಒಳಗಿನ ಬಿಸಿ ಹೊರಗೆ ಸಾಗಿಸುವ ಪೇಸ್ಟ್ ಬದಲಿಸಿ, ಅದೇ ಆಟವನ್ನು ಗಾಜಿನ ಟೇಬಲ್ಲಿನ ಮೇಲೆ ತಾಸುಗಟ್ಟಲೆ ಓಡಿಸಿ ತೋರಿಸಿದ. "ನೋಡ್ರಿ ಮೇಡಂ, ಏನೂ ಖರಾಬ್ ಇಲ್ರಿ. ನಿಮ್ಮ ಮನ್ಯಾಗೇ ಏನೋ ಅದ" ಎಂದ. ಮನೆಗೆ ತಂದರೆ ಹತ್ತೇ ನಿಮಿಷ. ನನಗಂತೂ ತಲೆಬುಡ ತಿಳಿಯಲಿಲ್ಲ.

ಇಲ್ಲಿ ಅವ್ವನ ಒಂದು ರೂಢಿಯ ಬಗ್ಗೆ ಹೇಳಬೇಕು. ಮನೆಗೆ ಬಂದವರನ್ನು ಅವಳು ಬರೀ ನೆಲದ ಮೇಲೆ ಕೂರಿಸುವವಳಲ್ಲ. ಬಳೆಗಾರ ಬರಲಿ, ಬೀಗರು ಬರಲಿ, ಕೌದಿ ಮಡಿಚಿ ಹಾಸಿದ ಮೇಲೆಯೇ ಮಾತು. ಹಳೆಯ ಸೀರೆ, ಧೋತರ ಎಲ್ಲ ಸೇರಿಸಿ ಹೊಲಿದ ದಪ್ಪ ಹಾಸಿಗೆ ಅದು. ಗಂಡನ ಕೈ ಸರಿ ಮಾಡಲು ಬಂದ ಲ್ಯಾಪ್‌ಟಾಪಿಗೂ ನಾಲ್ಕು ಮಡಿಕೆಯ ಕೌದಿ ಹಾಸಿಯೇ ಮಂಚದ ಮೇಲೆ ಇಡುತ್ತಿದ್ದಳು. ಅದನ್ನು ನಾನು ದಿನಾ ನೋಡುತ್ತಿದ್ದೆ.

ಶಾಲೆ ಶುರುವಾಗಿ ಎರಡು ತಿಂಗಳಾದ ಮೇಲೆ ಒಂದು ದಿನ ಏಳನೆಯ ತರಗತಿಯಲ್ಲಿ ಶಾಖದ ಪಾಠ ಮಾಡುತ್ತಿದ್ದೆ. "ಕೌದಿ ತಾನಾಗಿ ಬಿಸಿ ಕೊಡುವುದಿಲ್ಲ ಮಕ್ಕಳೇ, ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ" ಎಂದು ಹೇಳುತ್ತ ಹೇಳುತ್ತ ನನ್ನ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. ಹನ್ನೊಂದು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ನನ್ನ ಜಾಣತನಕ್ಕೆ ಏನು ಹೇಳಲಿ!

ಸಂಜೆ ಹೋದವಳೇ ಕೌದಿ ತೆಗೆದು ಕಟ್ಟಿಗೆಯ ಮಣೆ ಇಟ್ಟೆ. ಅವ್ವ ಕೌದಿಯನ್ನು ಕೊಡವಿ ಮಡಿಚಿಟ್ಟಳು. ಅಪ್ಪನ ಲಾರಿ ಅವತ್ತಿನಿಂದ ನಿಂತಿಲ್ಲ. ಈಗ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತಾನೆ. ನಾನು ಬೀಗಿದ್ದೇ ಬೀಗಿದ್ದು.

ಹೋದ ವಾರ ರೊಟ್ಟಿ ಬಡಿಯುತ್ತ ಅವ್ವ ತಾನಾಗಿ ಹೇಳಿದಳು: "ಅದು ಕಾಯ್ತಿತ್ತಲ್ಲವಾ, ಆವಾಗ ಛಲೋ ಇತ್ತು. ನೀ ಸಾಲಿಗಿ ಹೋದ ಮ್ಯಾಲ ಅದು ಬಂದ್ ಆಗ್ತಿತ್ತು. ಆರೂತನಕ ನಿಮ್ಮಪ್ಪ ನನ್ನ ಜೋಡಿ ಮಾತಾಡ್ತಿದ್ದ. ತೊದಲತಿದ್ದ ಖರೆ, ಆದ್ರ ಮಾತಾಡ್ತಿದ್ದ. ಈಗ ದಿನಾ ಪೂರ್ತಿ ಗಾಡಿ ಹೊಡಿಯಾಕತ್ತಾನ."

ಹತ್ತಿರ ಹತ್ತಿರ ಒಂದು ವರ್ಷ ಇವಳು ಬಾಯಿ ಬಿಡಲಿಲ್ಲವಲ್ಲ! ಕೈಯೊಂದನ್ನೇ ಲೆಕ್ಕಕ್ಕೆ ಹಿಡಿದ ನಾನು ಸರಿಮಾಡಿದ್ದು ಏನನ್ನು, ಕೆಡಿಸಿದ್ದು ಏನನ್ನು? ಇನ್ನೊಂದು ಗೊಂದಲವೂ ಇದೆ. ರೇಡಿಯೇಟರಿಗೆ ಒಂದು ಹುಲ್ಲುಕಡ್ಡಿ ಅಡ್ಡ ಬಂದರೂ ಗುರುತಿಸುತ್ತಿದ್ದ ಮನುಷ್ಯನಿಗೆ ಆ ಕೌದಿ ಕಾಣಲಿಲ್ಲವೇ? ಮೊದಮೊದಲು ಕೈಯ ಮೇಲೆ ಅನುಮಾನ ಪಟ್ಟವನು, ಆಮೇಲೆ ತಿಳಿದೂ ಸುಮ್ಮನಿದ್ದನೇ? ಕೇಳಲು ಧೈರ್ಯ ಸಾಲದು.

ಹೊಸ ಟೀಚರಿಗೆ ಏನೋ ಒಂದು ಹೇಳಿ, ಶಾಲೆ ಬಿಟ್ಟ ಕೂಡಲೇ ಮನೆಗೆ ಬಂದೆ. ಅಪ್ಪ ಘಾಟ್ ಹತ್ತುತ್ತಿದ್ದ. ಅವ್ವ ಎರಡು ಮಾರು ದೂರದಲ್ಲಿ ಮೊರ ಇಟ್ಟುಕೊಂಡು ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ನಾನು ಹಿಂದುಮುಂದು ನೋಡದೆ ಲ್ಯಾಪ್‌ಟಾಪ್ ಬಂದ್ ಮಾಡುವ ಬಟನ್ ಒತ್ತಿ ಹಿಡಿದೆ. ಪರದೆ ಕಪ್ಪಾಯಿತು.

"ಬಾಳ ಕಾದದ ಅಪ್ಪಾ" ಎಂದೆ.

ಅಪ್ಪ ಎಡಗೈಯಿಂದ ಲ್ಯಾಪ್‌ಟಾಪ್ ಎತ್ತಿ, ಬಲ ಅಂಗೈಯನ್ನು ಅದರ ಅಡಿಗೆ ಹಚ್ಚಿ ನೋಡಿದ. ಅದು ಬಂದ್ ಆಗುವಷ್ಟು ಕಾದಿರಲೇ ಇಲ್ಲ. ಸಿಕ್ಕಿಬಿದ್ದೆ ಎಂದುಕೊಂಡು ನೆಲ ನೋಡುತ್ತ ನಿಂತೆ. ಅವನು ನನ್ನನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಹೌ... ಹೌದು, ಕಾದದ" ಎಂದ. "ಆರಲಿ."

ಆಮೇಲೆ ಅವ್ವನ ಕಡೆ ತಿರುಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಕೇಳಿದ: "ಬ್ಯಾಳಿ... ಎಲ್ಲಿ ತಂದಿ?"